ಜಗಲಿಯ ಮಾತು: ಬೆಳ್ಳಿತೆರೆಯ ಮುಂದೆ ನಾವು

ಯಾವ ಶಾಸ್ತ್ರಗ್ರಂಥವನ್ನು ಆರಂಭಿಸುವುದಕ್ಕೂ ಮೊದಲು ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಹೇಳಿಕೊಳ್ಳಬೇಕೆಂದು ನಮ್ಮ ಹಿರಿಯರು ವಿಧಿಸಿದ್ದಾರೆ. ಈ ತಿಂಗಳು ನಾವು ಎತ್ತಿಕೊಂಡಿರುವುದು ಶಾಸ್ತ್ರವಲ್ಲ, ಸಿನಿಮಾ. ಆದರೂ ೩೬ ವರ್ಷ ಪಾಠ ಹೇಳಿದ ನಾಲಗೆಗೆ ಹಳೆಯ ಚಾಳಿ ಬಿಡದು. ಆದಕಾರಣ ಆ ನಾಲ್ಕನ್ನೂ ಮೊದಲು ಒಪ್ಪಿಸಿಬಿಡುತ್ತೇವೆ.

ಅಧಿಕಾರವೆಂಬುದು ನಮಗೆ ಸುತರಾಂ ಇಲ್ಲ. ವರ್ಷಕ್ಕೆ ಎರಡೋ ಮೂರೋ ಚಿತ್ರಗಳನ್ನು, ಅವನ್ನೂ ಮನೆಯವರ ಒತ್ತಾಯಕ್ಕೋ ಮಳೆಯ ಒತ್ತಾಯಕ್ಕೋ ಸಿಕ್ಕಿ ನೋಡಿದವರು ನಾವು. ಛಾಯಾಗ್ರಹಣದ ಮರ್ಮವಾಗಲಿ ಸಂಕಲನದ ಸೂಕ್ಷ್ಮವಾಗಲಿ ನಮಗೆ ತಿಳಿಯದು. ವಿಷಯವೆಂದರೆ, ನಾವು ಮೆಚ್ಚಿದ ಮತ್ತು ಹಳಿದ ಕೆಲವು ಚಿತ್ರಗಳು. ಸಂಬಂಧವನ್ನು ಕೇಳಿದರೆ, ಸಂತೆಯಲ್ಲಿ ಬದನೆಕಾಯಿ ಕೊಂಡವನಿಗೂ ಬದನೆಕಾಯಿಗೂ ಇರತಕ್ಕ ಸಂಬಂಧವೇ ಟಿಕೀಟು ಕೊಂಡವನಿಗೂ ಚಿತ್ರಕ್ಕೂ ಉಂಟು. ಹುಳುಕಾಗಿದ್ದರೆ ಹುಳುಕೆನ್ನಲು ಅವನು ಪಾಕಶಾಸ್ತ್ರದ ಪಂಡಿತನಾಗಿರಬೇಕಾದುದಿಲ್ಲ.

ಇನ್ನು ಪ್ರಯೋಜನ. ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನ’ವು ೧೯೩೪ನೆಯ ಮಾರ್ಚಿ ೩ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಸುಬ್ಬಯ್ಯನಾಯುಡುಗಳ ಇಂದ್ರಜಿತು ಹೇಗೆ ಗರ್ಜಿಸಿದನು, ತ್ರಿಪುರಾಂಬೆಯವರ ಸುಲೋಚನೆ ಹೇಗೆ ಅತ್ತಳು ಎಂಬುದನ್ನು ಕಂಡವರು ಮನೆಗೆ ಬಂದು ಆಡಿದ ಮಾತೇ ಅದರ ಪಾಲಿಗೆ ಉಳಿದ ಆಸ್ತಿ. ಚಿತ್ರ ಅಳಿದರೂ ನೋಡಿದವರ ಮಾತು ಉಳಿಯಬಹುದೆಂಬುದಕ್ಕೆ ಇದಕ್ಕಿಂತ ದೃಷ್ಟಾಂತ ಬೇಕಿಲ್ಲ. ಹಾಗಿರುವಾಗ ಸಾಮಾನ್ಯ ಪ್ರೇಕ್ಷಕನೊಬ್ಬನು ತನ್ನ ಮನಸ್ಸಿನಲ್ಲಿ ಉಳಿದುದನ್ನು ಬರೆದಿಡುವುದು ಸಂಪೂರ್ಣ ನಿಷ್ಪ್ರಯೋಜಕವಾಗಲಾರದೆಂದು ನಂಬಿ ಮುಂದುವರಿಯುತ್ತೇವೆ.

ನಮ್ಮ ಬಾಲ್ಯದ ಊರಿನಲ್ಲಿ ಚಿತ್ರಮಂದಿರವಿರಲಿಲ್ಲ. ಸುಗ್ಗಿ ಮುಗಿದ ಮೇಲೆ ಕೆರೆಯ ಕೆಳಗಿನ ಬಯಲಿನಲ್ಲಿ ಟೆಂಟು ಏಳುತ್ತಿತ್ತು. ಹಗಲು ಹೊತ್ತು ಎತ್ತಿನ ಗಾಡಿಯ ಎರಡು ಮಗ್ಗುಲಿಗೂ ಚಿತ್ರಪಟ ಕಟ್ಟಿ, ತಮಟೆ ಬಡಿಯುತ್ತ, ಬಣ್ಣದ ಕಾಗದದ ಕರಪತ್ರಗಳನ್ನು ಎರಚುತ್ತ ಬೀದಿಬೀದಿ ಸುತ್ತುವರು. ಸಂಜೆ ಧ್ವನಿವರ್ಧಕದಲ್ಲಿ ವೆಂಕಟೇಶನ ಸ್ತುತಿ ಕೇಳಿಸಿತೆಂದರೆ ಟಿಕೀಟು ಕೊಡಲಾರಂಭಿಸಿದರೆಂದು ಅರ್ಥ. ಆ ಸ್ತುತಿಗೆ ದೇವರು ಎಷ್ಟರಮಟ್ಟಿಗೆ ಪ್ರಸನ್ನನಾಗುತ್ತಿದ್ದನೋ ತಿಳಿಯದು. ಊರಿನ ಅಡಿಗೆಮನೆಗಳಂತೂ ಚುರುಕಾಗುತ್ತಿದ್ದವು. ನೆಲದ ಟಿಕೀಟಿನವರು ಮುಂದಿನವನ ತಲೆ ಅಡ್ಡ ಬಂದರೆ ಮರಳನ್ನು ಗುಡ್ಡೆ ಮಾಡಿ ಅದರ ಮೇಲೆ ಕುಳಿತುಕೊಳ್ಳುವರು. ಹಿಂದಿನವನು ತಾನೂ ಗುಡ್ಡೆ ಮಾಡುವನು. ಹೀಗೆ ಚಿತ್ರ ಮುಗಿಯುವ ವೇಳೆಗೆ ಟೆಂಟಿನೊಳಗೆ ಒಂದು ಪರ್ವತಶ್ರೇಣಿಯೇ ಸಿದ್ಧವಾಗುತ್ತಿತ್ತು.

ಅಂತಹ ಒಂದು ಗುಡ್ಡೆಯ ಮೇಲೆ ಕುಳಿತು, ಹತ್ತನೆಯ ವಯಸ್ಸಿನಲ್ಲಿ, ೧೯೭೪ರ ಬೇಸಗೆಯಲ್ಲಿ ನಾವು ‘ನಾಗರಹಾವು’ ಚಿತ್ರವನ್ನು ನೋಡಿದೆವು. ಪುಟ್ಟಣ್ಣ ಕಣಗಾಲರು ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಹೆಣೆದು ೧೯೭೨ರಲ್ಲಿ ತೆಗೆದ ಚಿತ್ರವದು. ಶಾಲೆಯಲ್ಲಿ ಬೆತ್ತದ ರುಚಿ ಕಂಡಿದ್ದ ನಮ್ಮಂತಹ ಹುಡುಗರಿಗೆ, ಪ್ರಾಂಶುಪಾಲರನ್ನೇ ಕಂಬಕ್ಕೆ ಕಟ್ಟಿದ ರಾಮಾಚಾರಿಯು ಒಂದೇ ರಾತ್ರಿಯಲ್ಲಿ ಕುಲದೈವವಾಗಿಬಿಟ್ಟನು. ಚಿತ್ರದುರ್ಗದ ಬಂಡೆಗಳ ಮೇಲೆ ವಿಷ್ಣುವರ್ಧನರು ನಡೆದ ನಡಿಗೆಯನ್ನು ನಮ್ಮ ಊರಿನ ಹುಡುಗರೆಲ್ಲ ಆರು ತಿಂಗಳು ನಡೆದರು. ಅವನಿಗೆ ಬುದ್ಧಿ ಹೇಳುವ ಚಾಮಯ್ಯ ಮೇಷ್ಟ್ರ ವಿಷಯದಲ್ಲಿ ಮಾತ್ರ ನಮಗೆ ಬೇಸರ. ಅಶ್ವತ್ಥರು ಆ ಪಾತ್ರವನ್ನು ಎಷ್ಟು ಚೆನ್ನಾಗಿ ನಿರ್ವಹಿಸಿದ್ದರೆಂದು ಆಗ ಯಾರಿಗೆ ತಿಳಿಯಬೇಕು? ಆಟದ ನಡುವೆ ಬಂದು ದೀಪ ಹಚ್ಚಿ ಓದಲು ಕೂರಿಸುವ ಸೋದರಮಾವನಂತೆ ಅವರು ನಮಗೆ ತೋರಿದರು. ಈ ಚಿತ್ರದ ಮಾತು ಇಲ್ಲಿಗೆ ಮುಗಿಯದು. ಲೇಖನದ ಕೊನೆಯಲ್ಲಿ ಮತ್ತೆ ಬರುತ್ತದೆ.

ಪ್ರಕೃತವನ್ನು ಅನುಸರಿಸೋಣ. ವಿಶ್ವನಾಥನು ತನ್ನ ‘ಸಾಹಿತ್ಯದರ್ಪಣ’ದಲ್ಲಿ, ರಂಗದ ಮೇಲೆ ನೇರವಾಗಿ ತೋರಿಸಬಾರದ ಸಂಗತಿಗಳ ಪಟ್ಟಿಯೊಂದನ್ನು ಕೊಟ್ಟಿದ್ದಾನೆ. ವಧೆ, ಯುದ್ಧ, ವಿವಾಹ, ಭೋಜನ, ಮರಣ ಮೊದಲಾದವು ಅದರಲ್ಲಿ ಸೇರಿವೆ. ಇದನ್ನು ಓದಿದ ಹೊಸದರಲ್ಲಿ ನಮಗೆ ನಗು ಬಂದಿತ್ತು. ಏಕೆಂದರೆ ಈ ಐದನ್ನು ತೆಗೆದುಹಾಕಿದರೆ ನಮ್ಮ ಚಿತ್ರಗಳಲ್ಲಿ ಉಳಿಯುವುದು ಹಾಡು ಮಾತ್ರ. ವಧೆ ಯುದ್ಧಗಳ ವಿಷಯದಲ್ಲಿ ನಾವು ಇಂದಿಗೂ ವಿಶ್ವನಾಥನ ಪಕ್ಷದವರು. ಭೋಜನದ ವಿಷಯದಲ್ಲಿ ಮಾತ್ರ, ಎರಡು ಕನ್ನಡ ಚಿತ್ರಗಳನ್ನು ನೋಡಿದ ಮೇಲೆ, ಪಕ್ಷಾಂತರ ಮಾಡಿದ್ದೇವೆ.

ಮೊದಲನೆಯದು ೧೯೭೨ರ ‘ಬಂಗಾರದ ಮನುಷ್ಯ’. ಟಿ.ಕೆ. ರಾಮರಾಯರ ಕಾದಂಬರಿಯನ್ನು ಸಿದ್ಧಲಿಂಗಯ್ಯನವರು ಚಿತ್ರವಾಗಿಸಿದರು. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಅದು ವರ್ಷಕ್ಕೂ ಮಿಕ್ಕಿ ನಡೆಯಿತು. ಅದನ್ನು ಕಂಡು ಪಟ್ಟಣ ಬಿಟ್ಟು ಹೊಲಕ್ಕೆ ಮರಳಿದವರುಂಟೆಂದು ಹೇಳುತ್ತಾರೆ. ವಿಧವೆಯಾದ ಅಕ್ಕನ ಸಂಸಾರವನ್ನು ರಾಜೀವನು ಹೆಗಲ ಮೇಲೆ ಹೊತ್ತು, ಬರಡು ನೆಲವನ್ನು ಹಸುರು ಮಾಡಿ, ಅಕ್ಕನ ಮಕ್ಕಳನ್ನು ಓದಿಸುತ್ತಾನೆ. ಕಡೆಗೆ ಒಂದು ದಿನ, ಊಟಕ್ಕೆ ಕುಳಿತಿರುವಾಗ, ಅನ್ನ ಉಂಡು ಬೆಳೆದ ಸೋದರಳಿಯನೇ ಅವನ ನಡತೆಯ ಮೇಲೆ ಆಡಬಾರದ ಮಾತನ್ನು ಆಡುತ್ತಾನೆ. ರಾಜೀವನು ಮಾರುತ್ತರ ಕೊಡುವುದಿಲ್ಲ. ಕೈ ತೊಳೆದುಕೊಂಡು ಮನೆಯಿಂದ ಹೊರಟುಹೋಗುತ್ತಾನೆ. ರಾಜಕುಮಾರರ ಮುಖದಲ್ಲಿ ಆಗ ಕೋಪವಿಲ್ಲ, ಅಳುವಿಲ್ಲ. ಬಾಯಿಗೆ ಹೋಗಬೇಕಾದ ತುತ್ತು ಕೈಯಲ್ಲೇ ನಿಂತುಹೋದುದು ಮಾತ್ರ ಇದೆ. ನೂರು ಜನ ಸತ್ತುಬೀಳುವ ಯುದ್ಧದಲ್ಲಿ ಕಾಣದ ಹಿಂಸೆಯನ್ನು ನಾವು ಆ ಎಲೆಯ ಮುಂದೆ ಕಂಡೆವು.

ಚಿತ್ರವನ್ನು ನಾವು ಮೆಚ್ಚಿದೆವು; ಆದರೆ ಆ ಮುಕ್ತಾಯದ ಬಗ್ಗೆ ನಮ್ಮದೊಂದು ತಕರಾರು ಇದೆ. ಮಾತನಾಡದೆ ಎದ್ದುಹೋಗುವುದನ್ನು ನಮ್ಮ ಜನ ದೊಡ್ಡ ತ್ಯಾಗವೆಂದು ಪೂಜಿಸುತ್ತ ಬಂದಿದ್ದಾರೆ. ನಮ್ಮ ಬಂಧುವರ್ಗದಲ್ಲಿಯೇ ಒಬ್ಬ ಹಿರಿಯರು ಪಾಲಿನ ಮಾತಿಗೆ ನೊಂದು ಹೀಗೆಯೇ ಎದ್ದುಹೋದರು. ಮತ್ತೆ ಮನೆಯ ಹೊಸ್ತಿಲು ತುಳಿಯಲಿಲ್ಲ. ಅವರ ತಮ್ಮನಿಗೆ ತಪ್ಪು ಅರಿವಾದಾಗ ಕ್ಷಮೆ ಕೇಳೋಣವೆಂದರೆ ಎದುರಿಗೆ ಯಾರೂ ಇರಲಿಲ್ಲ. ಹೋದವರಿಗೆ ಕೀರ್ತಿ, ಉಳಿದವರಿಗೆ ಜೀವಮಾನದ ಶಿಕ್ಷೆ. ರಾಜೀವನು ಆ ಹುಡುಗನ ಕಪಾಳಕ್ಕೆ ಒಂದು ಬಿಗಿದು, ಮತ್ತೆ ಎಲೆಯ ಮುಂದೆ ಕುಳಿತು ಮಜ್ಜಿಗೆಯನ್ನ ಉಂಡಿದ್ದರೆ ಚಿತ್ರ ಅಷ್ಟು ದಿನ ನಡೆಯುತ್ತಿರಲಿಲ್ಲ. ಆ ಮನೆ ಮಾತ್ರ ಉಳಿಯುತ್ತಿತ್ತು.

ಎರಡನೆಯದು ಅದೇ ಸಿದ್ಧಲಿಂಗಯ್ಯನವರು ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ಕಥೆಯನ್ನಾಧರಿಸಿ ೧೯೭೪ರಲ್ಲಿ ತೆಗೆದ ‘ಭೂತಯ್ಯನ ಮಗ ಅಯ್ಯು’. ದ್ವೇಷವು ತಂದೆಯಿಂದ ಮಗನಿಗೆ ಹೊಲಗದ್ದೆಗಳ ಸಮೇತ ಹೇಗೆ ಇಳಿಯುತ್ತದೆ, ಕೋರ್ಟು ಹತ್ತಿದ ಮನೆ ಹೇಗೆ ಕರಗುತ್ತದೆ ಎಂಬುದನ್ನು ಅಷ್ಟು ನಿಜವಾಗಿ ತೋರಿಸಿದ ಇನ್ನೊಂದು ಚಿತ್ರವನ್ನು ನಾವು ಕಾಣೆವು. ಅದರಲ್ಲಿ ಊರಿನವರು ಭೂತಯ್ಯನ ಮನೆಗೆ ನುಗ್ಗುವ ಭಾಗವೊಂದಿದೆ. ಸಿಕ್ಕಿದ್ದನ್ನು ಎಲ್ಲರೂ ಬಾಚಿಕೊಳ್ಳುತ್ತಿರುವಾಗ, ಲೋಕನಾಥರ ಪಾತ್ರವು ಮಾತ್ರ ಉಪ್ಪಿನಕಾಯಿಯ ಜಾಡಿಯ ಮುಂದೆ ಕುಳಿತುಬಿಡುತ್ತದೆ. ಟೆಂಟಿನಲ್ಲಿ ಜನ ಬಿದ್ದುಬಿದ್ದು ನಕ್ಕರು, ನಾವೂ ನಕ್ಕೆವು. ಪಕ್ಕದಲ್ಲಿದ್ದ ನಮ್ಮ ತಾಯಿಯವರು ನಗಲಿಲ್ಲ. ಮನೆಗೆ ಬರುವಾಗ, “ಪಾಪ, ಎಷ್ಟು ವರ್ಷ ಬರಿಯ ಗಂಜಿ ಕುಡಿದಿದ್ದನೋ” ಎಂದರು. ಹಾಸ್ಯದ ಒಳಗೆ ಕರುಣವು ಹೇಗೆ ಅಡಗಿರುತ್ತದೆಂಬುದನ್ನು ನಾವು ಮುಂದೆ ಅಲಂಕಾರಶಾಸ್ತ್ರದಲ್ಲಿ ಓದಿದೆವು. ಮೊದಲ ಪಾಠ ಆದದ್ದು ಆ ರಾತ್ರಿ, ಕೆರೆಯ ಏರಿಯ ಮೇಲೆ.

ಇನ್ನು ಹಳಿದ ಚಿತ್ರಗಳಿಗೆ ಬರೋಣ. ೧೯೮೩ರಲ್ಲಿ ‘ಕವಿರತ್ನ ಕಾಳಿದಾಸ’ ಬಂದಿತು. ನಾವಾಗ ಸಂಸ್ಕೃತ ವಿದ್ಯಾರ್ಥಿಗಳು; ವಯಸ್ಸು ಹತ್ತೊಂಬತ್ತು; ಜಗತ್ತಿನಲ್ಲಿ ನಮಗೆ ತಿಳಿಯದುದು ಯಾವುದೂ ಇರಲಿಲ್ಲ. ಸಹಪಾಠಿಗಳು ಆರು ಜನ ಕೂಡಿ, ತಪ್ಪು ಹುಡುಕುವುದಕ್ಕೆಂದೇ ಕಾಗದ ಪೆನ್ಸಿಲು ಸಹಿತ ಹೋಗಿ ಕುಳಿತೆವು. ತಪ್ಪುಗಳೇನೋ ಧಾರಾಳವಾಗಿ ದೊರೆತವು. ಮುಖ್ಯವಾದುದು ಕಾಳಿದಾಸನನ್ನು ಭೋಜರಾಜನ ಆಸ್ಥಾನದಲ್ಲಿ ಕೂರಿಸಿದುದು. ಧಾರಾನಗರದ ಭೋಜನು ೧೧ನೆಯ ಶತಮಾನದವನು. ನಮ್ಮ ಐಹೊಳೆಯ ಮೇಗುಟಿಯಲ್ಲಿ, ಇಮ್ಮಡಿ ಪುಲಿಕೇಶಿಯ ಕಾಲದಲ್ಲಿ, ರವಿಕೀರ್ತಿಯು ೬೩೪ರಲ್ಲಿ ಬರೆಸಿದ ಶಾಸನದಲ್ಲಿಯೇ ಕಾಳಿದಾಸ ಭಾರವಿಗಳ ಹೆಸರು ಕೆತ್ತಿದೆ. ಆ ಹೊತ್ತಿಗಾಗಲೇ ಕನ್ನಡನಾಡಿನ ಕವಿಯೊಬ್ಬನು ತನ್ನನ್ನು ಅವರಿಗೆ ಹೋಲಿಸಿಕೊಳ್ಳುವಷ್ಟು ಕಾಳಿದಾಸನ ಕೀರ್ತಿ ಹಬ್ಬಿದ್ದಿತು. ಅಂಥವನನ್ನು ನಾಲ್ಕು ಶತಮಾನ ಈಚೆಗೆ ಎಳೆದು ತರುವುದೆಂದರೇನು? ಬಲ್ಲಾಳನ ‘ಭೋಜಪ್ರಬಂಧ’ವೂ ಹಾಗೆಯೇ ಹೇಳುತ್ತದೆಂಬುದನ್ನು ನಾವು ಜಾಣತನದಿಂದ ಮರೆತು, ದೀರ್ಘವಾದ ಖಂಡನಪತ್ರವೊಂದನ್ನು ಬರೆದು ಪತ್ರಿಕೆಗೆ ಕಳುಹಿಸಿದೆವು. ಅದು ಅಚ್ಚಾಗಲಿಲ್ಲ.

ಏಳೆಂಟು ವರ್ಷಗಳ ತರುವಾಯ ನಾವು ಹಳ್ಳಿಯ ಪ್ರೌಢಶಾಲೆಯೊಂದರಲ್ಲಿ ಸಂಸ್ಕೃತದ ಮೇಷ್ಟ್ರಾಗಿದ್ದೆವು. ಎರಡು ವರ್ಷ ಅದೇ ತರಗತಿಯಲ್ಲಿ ಕುಳಿತಿದ್ದ, ಕುರಿ ಕಾಯುವ ಮನೆತನದ ಹುಡುಗನೊಬ್ಬನು ಒಂದು ಸಂಜೆ ಬಾಗಿಲ ಬಳಿ ನಿಂತು, “ಸಾ, ಕಾಳಿದಾಸ ನಮ್ಮೋನಂತೆ, ಹೌದಾ?” ಎಂದು ಕೇಳಿದನು. ಊರಿನಲ್ಲಿ ವಿಡಿಯೋ ಇಟ್ಟು ಆ ಚಿತ್ರವನ್ನು ತೋರಿಸಿದ್ದರಂತೆ. ಕುರುಬರ ಹಾಡಿಯಲ್ಲಿ ಅಕ್ಷರವರಿಯದೆ ಬೆಳೆದವನು ದೇವಿಯ ಅನುಗ್ರಹದಿಂದ ಶ್ಯಾಮಲಾ ದಂಡಕವನ್ನು ನುಡಿಯುವ ಭಾಗವನ್ನು ಅವನು ಎರಡು ಸಲ ನೋಡಿ ಬಂದಿದ್ದನು. ರಾಜಕುಮಾರರ ಬಾಯಲ್ಲಿ ಕೇಳಿದುದನ್ನು ಅವನು ನಮ್ಮೆದುರಿಗೆ ಹೇಳಿ ಒಪ್ಪಿಸಿದನು; ಮಹಾಪ್ರಾಣಗಳು ಅಲ್ಲಲ್ಲಿ ಸೋರಿದ್ದರೂ ಧಾಟಿ ಕೆಟ್ಟಿರಲಿಲ್ಲ. ಐಹೊಳೆಯ ಶಾಸನದ ಮಾತು ನಮ್ಮ ನಾಲಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆವು. “ಹೌದಪ್ಪ, ಹಾಗೆಂದು ಹಿರಿಯರು ಹೇಳುತ್ತಾರೆ. ನಾಳೆಯಿಂದ ಸಂಜೆ ಬಾ” ಎಂದೆವು. ಆ ವರ್ಷ ಅವನು ಸಂಸ್ಕೃತದಲ್ಲಿ ತೇರ್ಗಡೆಯಾದನು. ಚರಿತ್ರೆಯ ದೃಷ್ಟಿಯಿಂದ ಆ ಚಿತ್ರವು ದೋಷಯುಕ್ತವೆಂಬ ನಮ್ಮ ಅಭಿಪ್ರಾಯ ಬದಲಾಗಿಲ್ಲ. ಆದರೆ ಆ ಹುಡುಗನನ್ನು ನಮ್ಮ ಬಾಗಿಲಿಗೆ ತಂದದ್ದು ಅದು, ನಮ್ಮ ಪಾಠವಲ್ಲ.

ಅದೇ ೧೯೮೩ರಲ್ಲಿ ಜಿ.ವಿ. ಅಯ್ಯರವರು ‘ಆದಿ ಶಂಕರಾಚಾರ್ಯ’ವನ್ನು ತೆಗೆದರು. ಸಂಸ್ಕೃತ ಭಾಷೆಯ ಮೊದಲ ಕಥಾಚಿತ್ರ, ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ಪಡೆದದ್ದು, ಸಂಗೀತ ಬಾಲಮುರಳೀಕೃಷ್ಣರದು. ಇದನ್ನು ಹೊಗಳದಿದ್ದರೆ ನಾವು ಕಲಿತ ವಿದ್ಯೆಗೇ ದ್ರೋಹವಾದೀತು. ಆದಕಾರಣ ಊರೆಲ್ಲ ಹೊಗಳಿಕೊಂಡು ತಿರುಗಿದೆವು. ಸತ್ಯವನ್ನು ಈಗ ಹೇಳುವುದರಲ್ಲಿ ಹಾನಿಯಿಲ್ಲ: ಮಧ್ಯಂತರಕ್ಕೆ ಮೊದಲೇ ನಾವು ನಿದ್ರೆ ಹೋಗಿದ್ದೆವು. ಬಹಳ ವರ್ಷಗಳ ಮೇಲೆ, ತಾಯಿಯವರು ತೀರಿಹೋದ ವರ್ಷ, ಮನೆಯಲ್ಲಿ ಅದನ್ನು ಮತ್ತೆ ನೋಡುವ ಸಂದರ್ಭ ಒದಗಿತು. ಮೃತ್ಯುವೂ ಪ್ರಜ್ಞೆಯೂ ಇಬ್ಬರು ಗೆಳೆಯರ ರೂಪದಲ್ಲಿ ಶಂಕರರ ಜೊತೆಗೇ ನಡೆದು ಬರುವುದನ್ನು ಅಂದು ಎಚ್ಚತ್ತು ನೋಡಿದೆವು. ಸಂನ್ಯಾಸಿಯಾದವನು ತಾಯಿಗಾಗಿ ಮರಳಿ ಬರುವ ಭಾಗದಲ್ಲಿ ಕನ್ನಡಕ ಒರೆಸಿಕೊಳ್ಳಬೇಕಾಯಿತು. ಚಿತ್ರ ನಿಧಾನವೆಂದು ದೂರುವ ಯುವಕರಿಗೆ ನಮ್ಮ ಮಾತು ಇಷ್ಟೆ: ನಿಧಾನ ಹೌದು, ನಿಮಗಾಗಿ ಕಾದಿರುತ್ತದೆ.

ಈಚಿನ ಚಿತ್ರಗಳನ್ನು ನಾವು ನೋಡುವುದು ತಮ್ಮನ ಮಗನ ದಾಕ್ಷಿಣ್ಯಕ್ಕೆ. ಅವನು ‘ಕೆ.ಜಿ.ಎಫ್.’ ಎಂಬ ಚಿತ್ರದ ಎರಡು ಭಾಗಗಳಿಗೂ, ೨೦೧೮ರಲ್ಲಿ ಒಮ್ಮೆ, ೨೦೨೨ರಲ್ಲಿ ಒಮ್ಮೆ, ನಮ್ಮನ್ನು ಕರೆದೊಯ್ದನು. ಮೊದಲ ಭಾಗ ಮುಗಿಸಿ ಹೊರಬಂದಾಗ ಎರಡು ಕಿವಿಗಳಲ್ಲಿಯೂ ಜೀರುಂಡೆ ಕೂಗುತ್ತಿದ್ದವು. “ಹೇಗಿತ್ತು ದೊಡ್ಡಪ್ಪ?” ಎಂದು ಅವನು ಕೇಳಿದ ಪ್ರಶ್ನೆ ಮೂರನೆಯ ಸಲಕ್ಕೆ ಕೇಳಿಸಿತು. ಕನ್ನಡದಲ್ಲಿ ತೆಗೆದ ಚಿತ್ರವೊಂದನ್ನು ದೇಶದ ನಾನಾ ಭಾಷೆಯವರು ಮುಗಿಬಿದ್ದು ನೋಡಿದರೆಂಬ ಅವನ ಹೆಮ್ಮೆಯಲ್ಲಿ ನಾವೂ ಪಾಲುದಾರರು. ತಾಯಿಗೆ ಕೊಟ್ಟ ಮಾತಿಗಾಗಿ ಆ ನಾಯಕನು ಏರುವ ಏರಾಟದಲ್ಲಿ ಬಡವರ ಮಕ್ಕಳಿಗೆ ತಟ್ಟುವ ಸಂಗತಿಯೊಂದಿದೆ ಎಂಬುದನ್ನೂ ಒಪ್ಪುತ್ತೇವೆ. ನಮ್ಮ ದೂರು ಬೇರೆಯದು.

ಕೋಲಾರದ ಚಿನ್ನದ ಗಣಿಯೆಂಬ ಹೆಸರನ್ನು ಇಟ್ಟುಕೊಂಡ ಮೇಲೆ ಆ ಹೆಸರಿನ ಋಣವನ್ನು ಸ್ವಲ್ಪವಾದರೂ ತೀರಿಸಬೇಡವೆ? ನಿಜವಾದ ಗಣಿಯ ಕಥೆ ಸಾಮಾನ್ಯವಾದುದಲ್ಲ. ೧೯೦೨ರಲ್ಲಿ ಶಿವನಸಮುದ್ರದಿಂದ ಅಷ್ಟು ದೂರ ವಿದ್ಯುತ್ತು ಹರಿದು ಬಂದದ್ದು ಆ ಗಣಿಗಾಗಿ. ಚಾಂಪಿಯನ್ ರೀಫ್ ಗಣಿಯು ಭೂಮಿಯೊಳಕ್ಕೆ ೩ ಕಿಲೋಮೀಟರಿಗೂ ಮಿಕ್ಕಿ ಇಳಿದಿತ್ತು. ಆ ಆಳದ ಸೆಕೆಯಲ್ಲಿ, ಯಾವ ಗಳಿಗೆಯಲ್ಲಿ ಬಂಡೆ ಸಿಡಿಯುವುದೋ ಎಂಬ ಭಯದಲ್ಲಿ, ತಲೆಮಾರುಗಳ ಕಾಲ ಮನುಷ್ಯರು ದುಡಿದರು. ಕಲ್ಲಿನ ದೂಳು ಕುಡಿದು ಶ್ವಾಸಕೋಶ ಕೆಡಿಸಿಕೊಂಡರು. ೨೦೦೧ನೆಯ ಫೆಬ್ರವರಿ ೨೮ರಂದು ಗಣಿ ಮುಚ್ಚಿದಾಗ ಅವರಿಗೆ ಉಳಿದದ್ದು ಸಾಲುಮನೆಗಳೂ, ಗಾಳಿ ಬೀಸಿದರೆ ದೂಳೆಬ್ಬಿಸುವ ಸಯನೈಡಿನ ದಿಬ್ಬಗಳೂ. ಚಿತ್ರದಲ್ಲಿ ಇವರಾರೂ ಇಲ್ಲ. ಕಲ್ಪಿತವಾದ ಗಣಿ, ಕಲ್ಪಿತವಾದ ಗುಲಾಮರು, ಅವರನ್ನು ಉದ್ಧರಿಸಲು ಬಂದ ಒಬ್ಬ ವೀರ. ಸಾವಿರಾರು ಜನ ಸೇರಿ ಮಾಡಿದುದನ್ನು ಒಬ್ಬನ ತೋಳಿಗೆ ಕಟ್ಟಿಬಿಡುವುದು ನಮಗೆ ಹಿತವಾಗಲಿಲ್ಲ. ಇದನ್ನೆಲ್ಲ ನಾವು ವಿಸ್ತಾರವಾಗಿ ಹೇಳಿದ ಮೇಲೆ ಹುಡುಗನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಒಂದು ಭಾನುವಾರ ಅಲ್ಲಿಗೇ ಹೋಗಿ ನೋಡಿ ಬರೋಣ ದೊಡ್ಡಪ್ಪ” ಎಂದನು. ಹೋಗಿಯೂ ಬಂದೆವು. ಅಷ್ಟರಮಟ್ಟಿಗೆ ಆ ಚಿತ್ರಕ್ಕೆ ನಾವು ಋಣಿಗಳು.

೨೦೨೨ರ ‘ಕಾಂತಾರ’ದ ವಿಷಯದಲ್ಲಿ ನಮಗೂ ನಮ್ಮ ಮನೆಯವರಿಗೂ ಭಿನ್ನಾಭಿಪ್ರಾಯವಾಯಿತು. ಕರಾವಳಿಯ ಭೂತಕೋಲ, ಪಂಜುರ್ಲಿ, ಗುಳಿಗ ದೈವಗಳು, ಕಾಡಿನ ನೆಲದ ಮೇಲಿನ ಹಕ್ಕಿನ ಜಗಳ, ಇವುಗಳನ್ನು ರಿಷಬ್ ಶೆಟ್ಟಿಯವರು ಹೆಣೆದಿರುವ ರೀತಿ ನಮಗೆ ಬಹಳ ಹಿಡಿಸಿತು. ಕೊನೆಯ ಭಾಗದಲ್ಲಿ ನಾಯಕನ ಮೈಮೇಲೆ ದೈವ ಬಂದಾಗ ಚಿತ್ರಮಂದಿರದಲ್ಲಿ ಒಂದು ಉಸಿರು ಕೇಳಿಸಲಿಲ್ಲ. ಭಯಾನಕವೂ ಅದ್ಭುತವೂ ಬೇರೆಬೇರೆ ನಿಲ್ಲದೆ ಕೂಡಿಹೋದ ಅಂತಹ ಗಳಿಗೆ ಅಪರೂಪವೆಂದು ನಾವು ದಾರಿಯುದ್ದಕ್ಕೂ ಹೊಗಳಿದೆವು. ನಮ್ಮ ಮನೆಯವರು ಎಲ್ಲವನ್ನೂ ಕೇಳಿ, “ಅದೆಲ್ಲ ಸರಿ. ಮದುವೆಯಾಗದ ಹುಡುಗಿಯ ಸೊಂಟ ಚಿವುಟಿದವನ ಮೈಮೇಲೆ ದೇವರು ಬಂದನಲ್ಲ, ಅವಳಿಗೆ ಯಾರಾದರೂ ಒಂದು ಮಾತು ಕೇಳಿದರೇ?” ಎಂದರು. ರಸಗಳ ವಿಷಯದಲ್ಲಿ ನಮಗೆ ತಿಳಿದ ಯಾವ ಲಕ್ಷಣವೂ ಈ ಪ್ರಶ್ನೆಗೆ ಉತ್ತರವಾಗಲಿಲ್ಲ. ಚಿತ್ರಮಂದಿರದ ಕತ್ತಲೆಯಲ್ಲಿ ಗಂಡಸರ ಕಣ್ಣಿಗೆ ಬೀಳದ ಸಂಗತಿಗಳು ಹೆಂಗಸರ ಕಣ್ಣಿಗೆ ಬೀಳುತ್ತವೆಂಬುದನ್ನು ಮಾತ್ರ ಗುರುತುಮಾಡಿಕೊಂಡೆವು.

ಹಳಿದುದಕ್ಕೆ ಈಗ ನಾಚುವ ಚಿತ್ರವೂ ಒಂದುಂಟು. ಯು.ಆರ್. ಅನಂತಮೂರ್ತಿಯವರ ಕಥೆಯಿಂದ ಗಿರೀಶ ಕಾಸರವಳ್ಳಿಯವರು ೧೯೭೭ರಲ್ಲಿ ತೆಗೆದ ‘ಘಟಶ್ರಾದ್ಧ’ವನ್ನು ಮೊದಲು ನೋಡಿದಾಗ, ವೇದಪಾಠಶಾಲೆಯ ಮರ್ಯಾದೆ ಕಳೆಯುವ ಚಿತ್ರವೆಂದು ಸಿಟ್ಟಾಗಿ ನಡುವೆಯೇ ಎದ್ದುಹೋಗಿದ್ದೆವು. ಬದುಕಿರುವ ಮಗಳಿಗೆ ತಂದೆಯು ಶ್ರಾದ್ಧ ಮಾಡಿ ಹೊರಹಾಕುವ ಆ ಕ್ರಮವು ಕಥೆಗಾರರ ಕಟ್ಟುಕಥೆಯಲ್ಲ. ಧರ್ಮಶಾಸ್ತ್ರದ ಪುಸ್ತಕಗಳಲ್ಲಿ ಘಟಸ್ಫೋಟವೆಂಬ ಹೆಸರಿನಲ್ಲಿ ಅದಕ್ಕೆ ವಿಧಿಯೇ ಇದೆ. ಅದನ್ನು ನಾವು ಓದಿದ್ದೆವು. ಪುಟದಲ್ಲಿ ಓದುವಾಗ ಬಾರದ ಸಿಟ್ಟು ತೆರೆಯ ಮೇಲೆ ಕಂಡಾಗ ಬಂದಿತು. ಅದೂ ವಿಧಿಯ ಮೇಲಲ್ಲ, ಚಿತ್ರದ ಮೇಲೆ. ನಾಣಿಯೆಂಬ ಬಾಲಕನ ಕಣ್ಣಿನಿಂದ ಯಮುನಕ್ಕನನ್ನು ಕೊನೆಯವರೆಗೂ ನೋಡಲು ನಮಗೆ ಇನ್ನೂ ಇಪ್ಪತ್ತು ವರ್ಷ ಬೇಕಾಯಿತು. ೨೦೨೪ರಲ್ಲಿ ಅದರ ಜೀರ್ಣೋದ್ಧಾರಗೊಂಡ ಪ್ರತಿಯನ್ನು ವೆನಿಸ್ಸಿನ ಚಿತ್ರೋತ್ಸವದಲ್ಲಿ ತೋರಿಸಿದರೆಂಬ ಸುದ್ದಿಯನ್ನು ಓದಿ ಸಂತೋಷಪಟ್ಟವರಲ್ಲಿ ನಾವೂ ಒಬ್ಬರು.

ಈಗ ‘ನಾಗರಹಾವಿ’ಗೆ ಮರಳಬೇಕು.

ಎರಡನೆಯ ಸಲ ಅದನ್ನು ನೋಡಿದಾಗ ನಾವು ಎಳೆಯ ಉಪಾಧ್ಯಾಯರು. ನೋಟವೇ ತಿರುಗಿಬಿಟ್ಟಿತ್ತು. ರಾಮಾಚಾರಿಯು ದುಡುಕಿನವನು, ಚಾಮಯ್ಯ ಮೇಷ್ಟ್ರು ಆದರ್ಶ ಗುರುಗಳು. ಇಡೀ ಊರು ಹಾವೆಂದು ಹೆದರುವ ಹುಡುಗನು ಅವರೊಬ್ಬರ ಮಾತಿಗೆ ತಲೆಬಾಗುತ್ತಾನೆ. ಜಾತಿ ಬೇರೆಯಾದ ಅಲಮೇಲುವನ್ನು ಮರೆತುಬಿಡೆಂದು ಅವರು ಹೇಳುತ್ತಾರೆ. ಅವನು ಕರುಳು ಕಿತ್ತು ಕೊಟ್ಟಂತೆ ಅವಳನ್ನು ಬಿಟ್ಟುಕೊಡುತ್ತಾನೆ. ಶಿಷ್ಯನೆಂದರೆ ಹೀಗಿರಬೇಕು, ಗುರುವೆಂದರೆ ಹೀಗಿರಬೇಕೆಂದು ನಾವು ತರಗತಿಯಲ್ಲಿಯೂ ಹೇಳಿದೆವು.

ಆ ದಿನಗಳಲ್ಲಿ, ೧೯೯೩ರಲ್ಲಿ, 'ಮೇಷ್ಟ್ರ ಮಾತಿನ' ಬಲವನ್ನು ನಾವೂ ಒಮ್ಮೆ ಪ್ರಯೋಗಿಸಿದೆವು. ನಮ್ಮಲ್ಲಿ ಓದಿ, ಪಿ.ಯು.ಸಿ. ಮುಗಿಸಿದ್ದ ಹುಡುಗಿಯೊಬ್ಬಳಿದ್ದಳು. ಅಮರಕೋಶದ ಮೂರು ಕಾಂಡವೂ ಅವಳ ಬಾಯಲ್ಲಿತ್ತು. ಮೈಸೂರಿಗೆ ಹೋಗಿ ಸಂಸ್ಕೃತ ಓದಬೇಕೆಂಬುದು ಅವಳ ಆಸೆ. ಆಗಲೇ ಒಂದು ಒಳ್ಳೆಯ ಸಂಬಂಧ ಬಂದಿತು. ಹುಡುಗಿ ಒಲ್ಲೆನೆಂದಳು. ಅವಳ ತಂದೆ ನಮ್ಮ ಮನೆಗೆ ಬಂದು, “ಮೇಷ್ಟ್ರೇ, ನನ್ನ ಮಾತು ಕೇಳುವುದಿಲ್ಲ, ನಿಮ್ಮ ಮಾತು ಮೀರುವುದಿಲ್ಲ. ನೀವೊಂದು ಮಾತು ಹೇಳಬೇಕು” ಎಂದರು. ನಾವು ಹೇಳಿದೆವು. ವಿದ್ಯೆ ಎಲ್ಲಿಗೂ ಹೋಗುವುದಿಲ್ಲ, ಮನೆಯಲ್ಲಿ ಕುಳಿತೂ ಓದಬಹುದು, ಹಿರಿಯರ ಮನಸ್ಸು ನೋಯಿಸಬಾರದು, ಹೀಗೆ ಅರ್ಧ ಗಂಟೆ. ಅವಳು ತಲೆ ತಗ್ಗಿಸಿ ಕೇಳಿದಳು. “ನೀವು ಹೇಳಿದ ಮೇಲೆ ಆಯಿತು ಸಾರ್” ಎಂದಳು. ಮದುವೆಯಲ್ಲಿ ನಮಗೆ ಶಾಲು ಹೊದಿಸಿದರು.

೨೦೦೯ರಲ್ಲಿ ಒಂದು ಉಪನಯನದ ಮನೆಯಲ್ಲಿ ಅವಳು ಎದುರಾದಳು. ಅವಳ ಬಾಳು ಕೆಟ್ಟಿರಲಿಲ್ಲ. ಗಂಡ ಒಳ್ಳೆಯವರು, ಮನೆ ಮಠ ಇದ್ದಿತು. ಕಾಲಿಗೆರಗಿ, ನಗುನಗುತ್ತಲೇ ಮಾತನಾಡಿದಳು. ಬೆಳಗ್ಗೆ ದೋಸೆ ಹುಯ್ಯುವಾಗ ಅಮರಕೋಶ ತಾನಾಗಿ ಬಾಯಿಗೆ ಬರುತ್ತದೆಂದಳು. ಮಗಳು ಚೆನ್ನಾಗಿ ಓದುತ್ತಾಳೆಂದಳು. ಹೊರಡುವಾಗ, ಯಾವ ಕಹಿಯೂ ಇಲ್ಲದೆ, “ನನ್ನ ಮಗಳಿಗೆ ಮಾತ್ರ ಯಾರೂ ಬುದ್ಧಿ ಹೇಳದ ಹಾಗೆ ನೋಡಿಕೊಂಡಿದ್ದೇನೆ ಸಾರ್” ಎಂದಳು. ಆ ಮಾತನ್ನು ನಮಗೆ ಚುಚ್ಚಲೆಂದು ಹೇಳಿದಳೆಂದು ನಾವು ಭಾವಿಸುವುದಿಲ್ಲ. ಚುಚ್ಚಲೆಂದೇ ಹೇಳಿದ್ದರೆ ನಾವು ಅದನ್ನು ಇಷ್ಟರಲ್ಲಿ ಮರೆತಿರುತ್ತಿದ್ದೆವು.

೨೦೧೮ರಲ್ಲಿ ‘ನಾಗರಹಾವು’ ಹೊಸ ತಂತ್ರದಲ್ಲಿ ಸಂಸ್ಕರಿಸಲ್ಪಟ್ಟು ಮತ್ತೆ ತೆರೆಗೆ ಬಂದಿತು. ಮನೆಯವರೊಂದಿಗೆ ಹೋದೆವು. ಸುತ್ತಲೂ ಜನ ಹಳೆಯ ಹಾಡುಗಳಿಗೆ ಶಿಳ್ಳೆ ಹಾಕಿ ಕುಣಿಯುತ್ತಿದ್ದರು. ಚಾಮಯ್ಯ ಮೇಷ್ಟ್ರು ಅಲಮೇಲುವನ್ನು ಮರೆಯೆಂದು ಬುದ್ಧಿ ಹೇಳುವ ಭಾಗ ಬಂದಾಗ ನಮಗೆ ಕುಳಿತಿರಲಾಗಲಿಲ್ಲ. ಆ ಮುಖದಲ್ಲಿ ದುಷ್ಟತನದ ಲೇಶವೂ ಇಲ್ಲ. ಶಿಷ್ಯನ ಮೇಲಿನ ಪ್ರೀತಿಯೇ ತುಂಬಿದೆ. ತನ್ನ ಮಾತು ನಡೆಯುತ್ತದೆಂಬ ಸಮಾಧಾನವೂ ಒಂದು ಮೂಲೆಯಲ್ಲಿದೆ. ಆ ಸಮಾಧಾನವನ್ನು ನಾವು ಬಲ್ಲೆವು; ಶಾಲಿನ ನೂಲು ಅದೇ. ಮುಂದೆ ಅಲಮೇಲು ಬೇರೊಬ್ಬನ ಕೈಹಿಡಿದು, ಹಾಳಾಗಿ, ಅದೇ ರಾಮಾಚಾರಿಯ ಕಣ್ಣಿಗೆ ಬೀಳುತ್ತಾಳೆ. ಮೇಷ್ಟ್ರು ಅದರಿಂದ ಪಾಠ ಕಲಿಯುವುದಿಲ್ಲ; ಮಾರ್ಗರೇಟಳ ವಿಷಯದಲ್ಲಿ ಮತ್ತೆ ಅದೇ ಬುದ್ಧಿ ಹೇಳಲು ಬೆಟ್ಟ ಹತ್ತುತ್ತಾರೆ. ಅಲ್ಲಿಂದ ಅವರು ಬೀಳುತ್ತಾರೆ; ಶಿಷ್ಯನೂ ಅವನು ನೆಚ್ಚಿದ ಹುಡುಗಿಯೂ ಅವರ ಹಿಂದೆಯೇ ಹೋಗುತ್ತಾರೆ. ಹತ್ತರ ವಯಸ್ಸಿನಲ್ಲಿ ಅದು ನಮಗೆ ಹಾವಿನ ಕಥೆಯಾಗಿತ್ತು. ಐವತ್ತು ದಾಟಿದ ಮೇಲೆ, ಒಳ್ಳೆಯವರಾಗಿದ್ದೂ ತಪ್ಪು ಮಾಡಿದ ಒಬ್ಬ ಉಪಾಧ್ಯಾಯರ ಕಥೆಯಾಯಿತು. ದಾರಿಯಲ್ಲಿ ನಮ್ಮ ಮನೆಯವರು ಏನೂ ಕೇಳಲಿಲ್ಲ. ಮನೆಗೆ ಬಂದು ಕಾಫಿ ಲೋಟವನ್ನು ಮುಂದಿಟ್ಟು, “ಅವಳ ನೆನಪಾಯಿತೇ?” ಎಂದರು. ಹೌದೆಂದೆವು.

ವಾಚಕ ಮಹಾಶಯರು ಈ ಲೇಖನದಿಂದ ಯಾವ ಚಿತ್ರ ನೋಡಬೇಕು, ಯಾವುದನ್ನು ಬಿಡಬೇಕೆಂಬ ಪಟ್ಟಿಯನ್ನು ನಿರೀಕ್ಷಿಸಿದ್ದರೆ ನಿರಾಶರಾಗಿರಬಹುದು. ಮಕ್ಕಳು ಯಾವ ಚಿತ್ರ ನೋಡಿ ಬಂದರೂ, ಊಟದ ಹೊತ್ತಿನಲ್ಲಿ ಅವರಿಗೆ ಯಾವ ಭಾಗ ಹಿಡಿಸಿತೆಂದು ಕೇಳಿರಿ. ಹೇಳಿ ಮುಗಿಸುವವರೆಗೆ ಬಾಯಿ ಹಾಕದಿರಿ. ನಾವು ಕೊಡಬಲ್ಲ ಸಲಹೆ ಇದೊಂದೇ. ಬುದ್ಧಿ ಹೇಳುವ ಕೆಲಸದಲ್ಲಿ ಆಯುಷ್ಯ ಕಳೆದವರಿಗೆ ಬಾಯಿ ಹಾಕದಿರುವುದು ಎಷ್ಟು ಕಷ್ಟವೆಂಬುದನ್ನು ನಾವು ಬಲ್ಲೆವು. ಇನ್ನೂ ಅಭ್ಯಾಸ ಮಾಡುತ್ತಿದ್ದೇವೆ.

ಆ ಹುಡುಗಿಗೆ, ಹುಡುಗಿಯೆಂದರೆ ಈಗ ಅವಳಿಗೂ ತಲೆ ನರೆತಿದೆ, ನಾವು ಒಂದು ಮಾತು ಹೇಳಬೇಕಾಗಿತ್ತು. ಉಪನಯನದ ಮನೆಯಲ್ಲಿ ಹೇಳಲಿಲ್ಲ. ಪತ್ರ ಬರೆಯಲು ಎರಡು ಸಲ ಕುಳಿತು ಎದ್ದೆವು. ಈ ಸಂಚಿಕೆಯ ಒಂದು ಪ್ರತಿಯನ್ನು ಅವಳ ವಿಳಾಸಕ್ಕೆ ಕಳುಹಿಸುವುದೆಂದು ನಿಶ್ಚಯಿಸಿದ್ದೇವೆ. ಈ ಪುಟಕ್ಕೆ ಗುರುತು ಇಟ್ಟಿರುತ್ತೇವೆ.